ಕುದುರೆ ಏರಿದ ನಮ್ಮ ಪೂರ್ವಜ

ನಮ್ಮ ವಂಶದ ಹಿರಿಮೆಯಲ್ಲಿ ನನಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ. "ಕೆಂಚನಗುಡ್ಡದ ಹೊಳಿ ದಂಡಿ ವೀರಗಲ್ಲಿನ್ಯಾಗ ನಮ್ಮ ಹಿರೇರು ಅದಾರ" ಎಂದು ಸಿರುಗುಪ್ಪದ ಸೋದರತ್ತೆ ನನ್ನ ಬಾಲ್ಯದಿಂದಲೂ ಹೇಳುತ್ತಿದ್ದಳು. ವೀರಗಲ್ಲು ಅಂದಮೇಲೆ ವೀರ. ವೀರ ಅಂದಮೇಲೆ ನಾನು ಅವನ ವಂಶಸ್ಥ. ಇದರಲ್ಲಿ ವಿಚಾರಿಸುವುದೇನು?

ಆದರೆ ಕುರುಗೋಡಿನ ನನ್ನ ಮಾವನವರು ಪ್ರತಿ ಹಬ್ಬದಲ್ಲೂ, ಸರಿಯಾಗಿ ಹೋಳಿಗೆ ಬಡಿಸುವ ಹೊತ್ತಿಗೆ, "ನಿಮ್ಮ ಮನಿತನ ಎಂಥಾದ್ದು ಅಳಿಯಂದ್ರ?" ಎಂದು ಕೇಳುತ್ತಿದ್ದರು. ತೋರಿಸಲು ಪುರಾವೆ ಇಲ್ಲದ ನಾನು ಇನ್ನಷ್ಟು ತುಪ್ಪ ಕೇಳಿ ಮಾತು ತೇಲಿಸುತ್ತಿದ್ದೆ! ಕಡೆಗೆ ಒಂದು ಭಾನುವಾರ ಹೆಂಡತಿಯೊಡನೆ ಬಳ್ಳಾರಿಯಿಂದ ಕಾರು ಹೊರಡಿಸಿದೆ. ಕುರುಗೋಡಿನಲ್ಲಿ ಮಾವನವರನ್ನೂ, ಸಾಕ್ಷಿಗೆಂದು ಸಿರುಗುಪ್ಪದಲ್ಲಿ ಅತ್ತೆಯನ್ನೂ ಹತ್ತಿಸಿಕೊಂಡೆ.

ದಾರಿಯಲ್ಲಿ ಅತ್ತೆ ಏನೋ ಹೇಳಲು ಬಾಯಿ ತೆರೆದಳು.

"ಅತ್ತಿ ಏನ್ ಹೇಳ್ತಾರೋ ಒಂದೀಟು ಕೇಳ್ರಿ" ಎಂದಳು ಹೆಂಡತಿ.

"ಕಲ್ಲೇ ಹೇಳತೈತಿ ಸುಮ್ನಿರು!"

ಕಲ್ಲು ಸಿಕ್ಕಿತು. ಕುದುರೆಯ ಮೇಲೆ ಕತ್ತಿ ಹಿಡಿದ ಸವಾರ, ಪಕ್ಕದಲ್ಲಿ ದನಗಳು, ಕುದುರೆಯ ಕಾಲಡಿ ಅಂಗಾತ ಬಿದ್ದ ಒಬ್ಬ. ನಾನು ಸವಾರನಿಗೆ ಹಾಲೆರೆದು, ಹಾರ ಹಾಕಿದೆ.

"ಈ ಮೂಗು ನೋಡ್ರಿ ಮಾವಾರ, ಥೇಟ್ ನಂದೇ!"

ಕಲ್ಲಿನ ಮೂಗು ಸವೆದು ಎಷ್ಟೋ ಕಾಲವಾಗಿತ್ತು.

ಅಷ್ಟರಲ್ಲಿ ಅತ್ತೆ ಕುಕ್ಕರುಗಾಲಲ್ಲಿ ಕೂತು, ಕೆಳಗೆ ಬಿದ್ದವನಿಗೆ ಕುಂಕುಮ ಹಚ್ಚತೊಡಗಿದಳು.

"ಅತ್ತಿ, ನಮ್ಮಾತ ಮ್ಯಾಲ ಅದಾನ!"

"ಯಾರು ಹೇಳಿದ್ರಲೇ ನಿನಗ? ಮ್ಯಾಲಿನಾತ ದನ ಬಿಡಿಸಾಕ ಬಂದು ಸತ್ತಾತ. ನಮ್ಮಾತ ದನ ಕದ್ದಾತ."

ನಾನು ಮಾವನವರ ಮುಖ ನೋಡಲಾರದೆ ಹೊಳೆ ನೋಡುತ್ತ ನಿಂತೆ.

"ಇಷ್ಟ್ ವರ್ಷ ಯಾಕ ಹೇಳ್ಲಿಲ್ಲ?"

"ನೀ ಎಲ್ಲಿ ಕೇಳಿದಿ? ಮನ್ಯಾಗ ಮಕ್ಕಳು ಹಸಗೊಂಡು ಅಳತಿದ್ವಂತ. ಈತ ಸತ್ತರೂ ಒಂದು ಆಕಳು ಮನಿ ಮುಟ್ಟಿತಂತ. ಅದರ ಹಾಲು ಕುಡದು ಮಕ್ಕಳು ಉಳಕೊಂಡ್ವು. ಅದಕ್ಕ ಇವತ್ತು ನೀ ಅದಿ."

ನನ್ನ ಜಂಭವೆಲ್ಲ ಇಳಿದುಹೋಯಿತು. ಇತಿಹಾಸ ಅಂದರೆ ಕುದುರೆ ಮೇಲಿನವರದು ಎಂದೇ ತಿಳಿದಿದ್ದೆ. ಕಾಲಡಿ ಬಿದ್ದವನಿಗೂ ಒಂದು ಮನೆ ಇದ್ದೀತು, ಅದು ನಮ್ಮದೇ ಇದ್ದೀತು ಎಂದು ಹೊಳೆದಿರಲಿಲ್ಲ. ಆ ಸವೆದ ಮನುಷ್ಯನ ಮೇಲೆ ಹೇಳತೀರದಷ್ಟು ಪ್ರೀತಿ ಬಂತು.

ಮಾವನವರು ಕೆಮ್ಮಿದರು. "ಯಾವೂರಿನ ದನಾರಿ ಯಕ್ಕಾ ಅವು?"

"ಕುರುಗೋಡಿನವು" ಎಂದಳು ಅತ್ತೆ, ಸ್ವಲ್ಪವೂ ಅಳುಕದೆ!

ಮಾವನವರು ಮಗಳನ್ನು ನೋಡಿದರು, ನನ್ನನ್ನು ನೋಡಿದರು. "ಆವಾಗ ಆಕಳು. ಈಗ ಮಗಳು."

ಆದರೂ ಬಗ್ಗಿ, ಕೆಳಗಿನವನಿಗೆ ತಾವೂ ಒಂದು ಹೂವಿಟ್ಟರು. "ಬೀಗರಲ್ರೀ" ಎಂದರು.

ವಾಪಸ್ ಬರುವಾಗ ರಸ್ತೆಗೆ ಎಮ್ಮೆಗಳು ಅಡ್ಡ ನಿಂತವು. ಇಳಿದು ಓಡಿಸಲು ನನಗೆ ಧೈರ್ಯ ಸಾಲಲಿಲ್ಲ. ಮಾವನವರೇ ಇಳಿದು ಓಡಿಸಿದರು. ಹಿಂದಿನ ಸೀಟಿನಿಂದ ಅತ್ತೆ ನಿಟ್ಟುಸಿರಿಟ್ಟಳು:

"ಅಂಥಾ ವಂಶದಾಗ ಎಂಥಾವ ಹುಟ್ಟಿದ್ಯಲೇ!"