ಶಾಂತಪ್ಪ ಕಾರಿಗೆ ಗ್ಲೇಜ್ ಹಚ್ಚಿದ್ದು

ಶಹಾಪುರದ ಬಟ್ಟೆ ವ್ಯಾಪಾರಿಗೆ ಶಾಂತಪ್ಪ ಎಂದು ಹೆಸರಿಟ್ಟವರು ಯಾರೋ, ಅವನ ಮೂಗಿನ ತುದಿ ನೋಡಿರಲಿಲ್ಲ. ಸಿಟ್ಟು ಸದಾ ಅಲ್ಲೇ ಕೂತಿರುತ್ತದೆ. ಆ ಶನಿವಾರವಂತೂ ಅದು ನೆತ್ತಿಗೇರಿತ್ತು. ಅವನ ಕಪ್ಪು ಕಾರಿನ ಬಾನೆಟ್ಟಿನ ಮೇಲೆ ಹೆಂಡತಿ ಬಸವೇಶ್ವರಿ ಧೋತ್ರ ಹಾಸಿ ಸಂಡಿಗೆ ಹಾಕಿದ್ದಳು!

“ಏನ, ಇದು ಕಾರೋ, ನೀ ಸಂಡಿಗಿ ಒಣಗಸೋ ಹೊರಸೋ?”

“ಕಾದ ಹಂಚಿನಂಗ ಅದರಿ. ಮಾಳಗಿ ಮ್ಯಾಲ ಎರಡು ದಿನ ಹಿಡಿತದ, ಇಲ್ಲಿ ಮಧ್ಯಾಹ್ನದೊಳಗ ಒಣಗತಾವ. ಸುಮ್ನ ನಿಂತದ್ದಕ್ಕ ಒಂದು ಕೆಲಸ ಆತು.”

ಧೋತ್ರ ಎತ್ತಿದರೆ ಬಾನೆಟ್ಟಿನ ತುಂಬಾ ಕೂದಲೆಳೆಯಂಥ ಗೆರೆಗಳು. ಮರುದಿನ ಸುರಪುರದಿಂದ ಹೆಂಡತಿಯ ತಮ್ಮ ರೇವಣಸಿದ್ದ ಊಟಕ್ಕೆ ಬರುವವನಿದ್ದ. ಹೋದ ಸಲ ಇದೇ ಬಾನೆಟ್ಟಿನ ಮೇಲೆ ಬೆರಳಾಡಿಸಿ, “ಮಾಮಾ, ಕಾರು ಬೂದಿ ಹಚ್ಚಿ ತಿಕ್ಕತೀರೇನು?” ಎಂದು ಓಣಿಗೆಲ್ಲ ಕೇಳುವಂತೆ ನಕ್ಕಿದ್ದ. ಆ ನಗೆ ಇನ್ನೂ ಶಾಂತಪ್ಪನಿಗೆ ಜೀರ್ಣವಾಗಿರಲಿಲ್ಲ.

“ಕಲಬುರಗಿಯಿಂದ ಗ್ಲೇಜ್ ತಂದೀನಿ. ನಾಳಿ ಒಂದು ಗೆರೀನೂ ಕಾಣಂಗಿಲ್ಲ. ಆಮ್ಯಾಲ ಇದಕ್ಕ ಯಾರು ಗೆರಿ ಹಾಕತಾರೋ, ಈ ಬ್ಯಾಸಿಗಿ ಮುಗಿಯೋತನ ಸಂಡಿಗಿ ಅವರಾ ಹಾಕಬೇಕು!”

“ಯಾರಾದ್ರೂ?”

“ಯಾರಾದ್ರೂ! ನಿಮ್ಮವ್ವ ಬಂದ್ರೂ ಬಿಡಂಗಿಲ್ಲ!”

ಭಾನುವಾರ ಬೆಳಿಗ್ಗೆಯೇ ಕಾರು ಬೇವಿನ ನೆರಳಿಗೆ ಬಂತು. ಗ್ಲೇಜ್ ಎಂದರೆ ಹಾಲಿನಂಥ ಔಷಧ. ಅದು ಸಣ್ಣ ಗೆರೆಗಳೊಳಗೆ ಕೂತು ಅವನ್ನು ಮರೆಮಾಡುತ್ತದೆ. (ಗೆರೆ ಹೋಗುವುದಿಲ್ಲ, ಕಾಣುವುದಿಲ್ಲ ಅಷ್ಟೆ. ಭಾವಮೈದುನನ ಮಟ್ಟಿಗೆ ಅಷ್ಟು ಸಾಕು.) ಮೆತ್ತನೆಯ ಸ್ಪಂಜಿಗೆ ನಾಲ್ಕು ಹನಿ ಹಾಕಿಕೊಂಡು, ಬೆವರು ಸುರಿಸುತ್ತ, ರೇವಣಸಿದ್ದನ ವಂಶವನ್ನು ಬೈಯುತ್ತ, ಶಾಂತಪ್ಪ ಇಡೀ ಬಾನೆಟ್ಟಿಗೆ ತೆಳ್ಳಗೆ ಸವರಿದ. ಅದು ಒಣಗಿ ಬೆಳ್ಳಗಾಯಿತು. ಇನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಮುಗಿಯಿತು.

“ಬಟ್ಟಿ ತಾ!”

“ಕೈ ಸಂಡಿಗಿ ಹಿಟ್ಟಾಗ ಅದಾವರಿ! ಎರಡು ನಿಮಿಷ ತಡೀರಿ, ಏನೂ ಮುಟ್ಟಬ್ಯಾಡ್ರಿ!”

ತಡೆಯುವುದೆಂದರೇನು ಎಂದು ಶಾಂತಪ್ಪನಿಗೆ ಗೊತ್ತಿದ್ದರೆ ತಾನೆ! “ಇಪ್ಪತ್ತೆರಡು ವರ್ಷ ಬಟ್ಟಿ ಮಾರೀನಿ. ಕಣ್ಣು ಮುಚ್ಚಿ ಮುಟ್ಟಿದರ ಯಾವ ನೂಲಂತ ಹೇಳತೀನಿ. ಇಕಿ ನನಗ ಬಟ್ಟಿ ತೋರಸತಾಳ!” ಎಂದು ಗೊಣಗಿ, ಹಗ್ಗದ ಮೇಲಿದ್ದ ಬಿಳಿ ಬಟ್ಟೆ ಎಳೆದುಕೊಂಡ. ಇದ್ದಬದ್ದ ಸಿಟ್ಟನ್ನೆಲ್ಲ ರಟ್ಟೆಗೆ ತಂದುಕೊಂಡು ಗರಗರ ಒರೆಸಿದ. ಕರಕರ ಸದ್ದಾಯಿತು. ಹೊಳಪು ಬರುವ ಸದ್ದು ಇದೇ ಇರಬೇಕೆಂದು ಇನ್ನಷ್ಟು ಒತ್ತಿದ.

ಕಾರನ್ನು ಬಿಸಿಲಿಗೆ ತಂದು ನೋಡಿದ. ಬಾನೆಟ್ಟು ಮಿರಮಿರ ಮಿಂಚುತ್ತಿತ್ತು. ಮಿಂಚಿನ ನಡುವೆ, ಈ ತುದಿಯಿಂದ ಆ ತುದಿಯವರೆಗೆ, ಯಾವ ಗ್ಲೇಜಿಗೂ ಮುಚ್ಚಲಾಗದಷ್ಟು ಆಳವಾದ ದುಂಡು ಗೆರೆಗಳು, ಜಿಲೇಬಿ ಬಿಟ್ಟಂತೆ.

“ಬಸವೇಶ್ವರೀ! ಏನು ಮಾಡಿಟ್ಟಿ ನನ್ನ ಕಾರಿಗಿ!”

ಅವಳು ಬಂದಳು. ಅವನ ಕೈಯಿಂದ ಬಟ್ಟೆ ತೆಗೆದುಕೊಂಡು ಒಮ್ಮೆ ಕೊಡವಿದಳು. ಒಣಗಿ ಕಲ್ಲಾಗಿದ್ದ ಹಿಟ್ಟಿನ ಚೂರುಗಳು ಟಪಟಪ ಉದುರಿದವು.

“ಇದು ನಿನ್ನಿ ಸಂಡಿಗಿ ಬಿಡಿಸಿದ ಧೋತ್ರ. ಕಣ್ಣು ಮುಚ್ಚಿ ಮುಟ್ಟಿದ್ರೇನು?”

ಅಷ್ಟರಲ್ಲಿ ಓಣಿಯ ತಿರುವಿನಲ್ಲಿ ರೇವಣಸಿದ್ದನ ಹಾರ್ನು ಕೇಳಿಸಿತು. ಶಾಂತಪ್ಪನ ಸಿಟ್ಟು ಇಳಿದು ಅಂಗಾಲಿಗೆ ಹೋಯಿತು. ಧೋತ್ರ ಕಸಿದುಕೊಂಡು ಬಾನೆಟ್ಟಿನ ಮೇಲೆ ಹಾಸಿದ. ಹೆಂಡತಿ ನಗದೆ ಒಳಗಿನಿಂದ ಹಿಟ್ಟಿನ ಬೋಗುಣಿ ತಂದು ಅವನ ಕೈಗಿಟ್ಟಳು.

“ಮಾಮಾ, ಕಾರಿನ ಮ್ಯಾಲ ಏನು ನಡಿಸೀರಿ?”

“ಕಾದ ಹಂಚಿನಂಗ ಅದಪಾ,” ಎಂದ ಶಾಂತಪ್ಪ, ಸಂಡಿಗೆ ಹಾಕುತ್ತ, ತಲೆ ಎತ್ತದೆ. “ಮಧ್ಯಾಹ್ನದೊಳಗ ಒಣಗತಾವ.”

ರೇವಣಸಿದ್ದ ಅಂಗಿಯ ತೋಳು ಮಡಚಿದ. “ತಡೀರಿ, ನಾನೂ ಕೈ ಹಚ್ಚತೀನಿ.”

“ಬ್ಯಾಡೋ ತಮ್ಮಾ,” ಎಂದಳು ಬಸವೇಶ್ವರಿ. “ಈ ಬ್ಯಾಸಿಗಿ ಪೂರ್ತಿ ಅದು ಅವರದಾ ಕೆಲಸ. ಅವರಾ ಹೇಳ್ಯಾರ.”