ರೋಗಿಯ ತಲೆಯ ಮೇಲೆ ಜಗಳವಾಡಿ ಬಿ.ಪಿ. ಏರಿಸಿದ ಬಗ್ಗೆ

ಮೂರು ತಾಲ್ಲೂಕುಗಳ ಮೂಗು ಶಸ್ತ್ರಚಿಕಿತ್ಸಾ ಸಮನ್ವಯ ಕಚೇರಿ
(ಕೊಳ್ಳೇಗಾಲ, ಹನೂರು, ಯಳಂದೂರು)

ಸಂಖ್ಯೆ: ಮೂ.ಶ.ಸ./ಬಿ.ಪಿ./ಇಳಿಕೆ/17

ಉಲ್ಲೇಖ:
1. ಶಸ್ತ್ರಚಿಕಿತ್ಸಕ ಡಾ. ಗುರುಪ್ರಕಾಶ್ ಅವರು ಸೋಮವಾರ ಆಪರೇಷನ್ ಕೊಠಡಿಯಲ್ಲಿ ಕೂಗಿದ ಮಾತು: "ಮೂಗಿನೊಳಗೆ ರಕ್ತ ತುಂಬ್ಕೊಂಡ್ರೆ ನಾನೇನು ಕಣ್ಮುಚ್ಕೊಂಡು ಕುಯ್ಯಲಾ? ರಕ್ತ ಕಮ್ಮಿ ಬರೋ ಹಾಗೆ ಔಷಧಿ ಹಾಕಿ ಬಿ.ಪಿ. ಚೆನ್ನಾಗಿ ಇಳಿಸ್ರೀ!"
2. ಅರಿವಳಿಕೆ ವೈದ್ಯೆ ಡಾ. ಸಿಂಧು ಅವರ ಉತ್ತರ: "ಬೇಕಾದಷ್ಟು ಇಳಿಸೋಕೆ ಇದೇನು ಕೆರೆ ತೂಬಾ ಸರ್? ಅಷ್ಟು ಇಳಿಸಿದ್ರೆ ತಲೆಗೆ ರಕ್ತ ಹೋಗಲ್ಲ. ನಿಮಗೆ ಮೂಗು ಕಾಣ್ತದೆ, ಮೂಗಿನ ಯಜಮಾನ್ತಿ ಇರಲ್ಲ!"
3. ಇವರಿಬ್ಬರ ನಡುವೆ ಮಲಗಿದ್ದ ರೋಗಿ, ಶಾಗ್ಯದ ಶ್ರೀಮತಿ ದೊಡ್ಡಬಸಮ್ಮ ಅವರ ಮನವಿ: "ಸಾ, ನಂಗಿನ್ನೂ ಎಚ್ರ ಅದೆ ಕಣ್ರಿ. ಎಲ್ಲಾ ಕೇಳುಸ್ತಾ ಅದೆ."

ಸದರಿ ದೊಡ್ಡಬಸಮ್ಮ ಅವರ ಮೂಗಿನಲ್ಲಿ ದುರ್ಮಾಂಸ ಬೆಳೆದು ಉಸಿರು ಕಟ್ಟುವುದರಿಂದ ಅವರು ವರ್ಷಗಳಿಂದ ಗೋಡೆಗೆ ಒರಗಿ ಕೂತೇ ನಿದ್ರಿಸುತ್ತಿದ್ದು, ಒಂದು ರಾತ್ರಿಯಾದರೂ ಕಾಲು ಚಾಚಿ ಮಲಗಬೇಕೆಂದು ದಾಖಲಾಗಿರುತ್ತಾರೆ. ಮೇಲ್ಕಂಡ ಮಾತು ಕೇಳಿ ಅವರ ಬಿ.ಪಿ. ಏರಿದ್ದರಿಂದ ಶಸ್ತ್ರಚಿಕಿತ್ಸೆಯನ್ನು ಮುಂದೂಡಲಾಗಿದೆ. ವೈದ್ಯರಲ್ಲಿ ಯಾರು ಸರಿ ಎಂಬುದು ಈ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲವಾದ್ದರಿಂದ, ಉಳಿದೆಲ್ಲದರ ಬಗ್ಗೆ ಕೆಳಕಂಡಂತೆ ಆದೇಶಿಸಲಾಗಿದೆ:

1. ಬಿ.ಪಿ. ಎಷ್ಟು ಇಳಿಸಬೇಕೆಂಬ ಜಗಳವನ್ನು ರೋಗಿಯ ತಲೆಯ ಮೇಲೆ ಆಡತಕ್ಕದ್ದಲ್ಲ. ಹೊರಗೆ ನೀರಿನ ಫಿಲ್ಟರ್ ಬಳಿ ಆಡತಕ್ಕದ್ದು. ರೋಗಿಗೆ ಈಗಾಗಲೇ ಕೇಳಿಸಿದ್ದನ್ನು ಕೇಳಿಸಿಲ್ಲವೆಂದೇ ಪರಿಗಣಿಸತಕ್ಕದ್ದು.

2. ಜಗಳಕ್ಕೆ ಕಾರಣವಾದ ಔಷಧಿಯು ಬೀರುವಿನಲ್ಲಿದೆ. ಬೀರುವಿನ ಬೀಗದ ಕೈ ಉಗ್ರಾಣದ ಚಿಕ್ಕಮಾದಪ್ಪ ಅವರ ಉಡಿದಾರದಲ್ಲಿದೆ. ಚಿಕ್ಕಮಾದಪ್ಪ ಅವರು ಅಮಾವಾಸ್ಯೆಗೆಂದು ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗಿದ್ದಾರೆ. ಕೈಗೆ ಸಿಗದ ಔಷಧಿಯನ್ನು ಎಷ್ಟು ಹಾಕಬೇಕೆಂದು ಇಬ್ಬರು ಓದಿದವರು ಕಿತ್ತಾಡಿರುವುದನ್ನು ಈ ಕಚೇರಿ ಗಂಭೀರವಾಗಿ ಪರಿಗಣಿಸಿದೆ. ಚಿಕ್ಕಮಾದಪ್ಪ ಅವರು ಬೆಟ್ಟ ಇಳಿದು ಬರುವವರೆಗೆ ರೋಗಿಗಳು ತಮ್ಮ ಬಿ.ಪಿ.ಯನ್ನು ತಾವೇ ಇಳಿಸಿಕೊಳ್ಳತಕ್ಕದ್ದು.

3. ಈ ಸುದ್ದಿ ಮುಟ್ಟಿ, ಶಾಗ್ಯದ ಜನರು ಮದುವೆಗೆ ಮುಯ್ಯಿ ಹಾಕುವಂತೆ ತಾವು ದಿನಾ ನುಂಗುವ ಬಿ.ಪಿ. ಮಾತ್ರೆಯಲ್ಲಿ ಒಂದೊಂದನ್ನು ಎಲೆ ಅಡಿಕೆ ಸಮೇತ ತಂದಿರುತ್ತಾರೆ. "ನಮ್ಮೂರೋರ್ ಬೀಪಿ ಇಳ್ಸಿದ್ ಮಾತ್ರೆ ನಮ್ಮವ್ವುನ್ದು ಇಳ್ಸಾಕಿಲ್ವಾ ಸಾ?" ಎಂದು ದೊಡ್ಡಬಸಮ್ಮ ಅವರ ಮಗ ಶಿವಕುಮಾರಸ್ವಾಮಿ ಕೇಳಿರುತ್ತಾರೆ. ಒಬ್ಬರ ಮಾತ್ರೆಯನ್ನು ಇನ್ನೊಬ್ಬರಿಗೆ ನುಂಗಿಸುವುದನ್ನು ಈ ಮೂಲಕ ನಿಷೇಧಿಸಲಾಗಿದೆ. ಮಾತ್ರೆಗಳನ್ನು ಹಿಂದಿರುಗಿಸಲಾಗಿದೆ. ಎಲೆ ಅಡಿಕೆಯನ್ನು ಸ್ವೀಕರಿಸಲಾಗಿದೆ.

4. ವಾರ್ಡಿನಲ್ಲಿ ಬದುವಿನ ತಕರಾರು, ನಾಲೆ ನೀರು, ಸೊಸೆ, ಹಾಗೂ ಇದೇ ಆಪರೇಷನ್ ಮಾಡಿಸಿಕೊಂಡು ತೀರಿಹೋದ ನೆಂಟರು, ಈ ವಿಷಯಗಳನ್ನು ಎತ್ತತಕ್ಕದ್ದಲ್ಲ.

5. ಶಸ್ತ್ರಚಿಕಿತ್ಸೆಯ ವೇಳೆ ಪೂರ್ವಾನುಮತಿ ಇಲ್ಲದೆ ಹೊರಬರುವ ರಕ್ತವನ್ನು ಅನಧಿಕೃತವೆಂದು ಪರಿಗಣಿಸಿ, ಬಂದ ದಾರಿಯಲ್ಲೇ ಹಿಂದಿರುಗುವಂತೆ ಸೂಚಿಸತಕ್ಕದ್ದು.

6. ಸಿಬ್ಬಂದಿಗೆ ಕೋಪ ಬರುವುದಿದ್ದಲ್ಲಿ ಮುಂಚಿತವಾಗಿ ರಜೆ ಅರ್ಜಿ ಸಲ್ಲಿಸತಕ್ಕದ್ದು. ಇನ್ನು ಮೇಲೆ ಯಾವನಾದರೂ ಕೂಗಾಡಿದರೆ ಈ ಕಚೇರಿ ಅವನಿಗಿಂತ ಜೋರಾಗಿ ಕೂಗಾಡುವುದೆಂದು ಶಾಂತವಾಗಿ ತಿಳಿಸಲಾಗಿದೆ.

7. ಮೊದಲನೆಯ ಅಂಶವನ್ನು ಬಾಯಿಮಾತಿನ ಆದೇಶದ ಮೇರೆಗೆ ಗುರುವಾರವೇ ಜಾರಿಗೊಳಿಸಲಾಯಿತು. ವೈದ್ಯರಿಬ್ಬರೂ ಆದೇಶ ಪಾಲಿಸಿ, ಫಿಲ್ಟರ್ ಬಳಿ ನಿಂತು ಅದೇ ಜಗಳವನ್ನು ಮೊದಲಿನಿಂದ ಆಡಿರುತ್ತಾರೆ. ಫಿಲ್ಟರ್ ಇರುವುದು ದೊಡ್ಡಬಸಮ್ಮ ಅವರ ಕಿಟಕಿಯ ಕೆಳಗೆ ಎಂಬುದು ತದನಂತರ ಕಚೇರಿಯ ಗಮನಕ್ಕೆ ಬಂದಿದೆ. ಸದರಿಯವರು, "ಲೇ ಶಿವಕುಮಾರ, ನನ್ ಚಪ್ಲಿ ಎಲ್ಲಿ ಮಡ್ಗಿದ್ದೀಯಲಾ? ಮದ್ಲು ಇವ್ರು ಅವ್ರವ್ರ ಬೀಪಿ ಇಳುಸ್ಕಳ್ಲಿ. ನಾ ಕೂತ್ಕಂಡೇ ಮಲಿಕತೀನಿ, ಓಯ್ತೀನಿ" ಎಂದು ಹೇಳಿ, ಆಸ್ಪತ್ರೆಯ ಹಸಿರು ನಿಲುವಂಗಿಯಲ್ಲೇ ಹನೂರು ಬಸ್ಸು ಹತ್ತಿರುತ್ತಾರೆ. ಹಿಂದಿರುಗಿರುವುದಿಲ್ಲ.

8. ರೋಗಿಯೇ ಊರಿಗೆ ಹೋಗಿ ರಕ್ತಸ್ರಾವದ ಸಂಭವ ಸಂಪೂರ್ಣ ತಪ್ಪಿರುವುದರಿಂದ, ಔಷಧಿ ಇಲ್ಲದೆಯೇ ಉದ್ದೇಶ ಈಡೇರಿದೆಯೆಂದು ದಾಖಲಿಸಲಾಗಿದೆ. ನಿಲುವಂಗಿ ಬಾಕಿ ಇದೆ.

ಸಹಿ/-
ಸಮನ್ವಯಾಧಿಕಾರಿ
(ಬಿ.ಪಿ. ಇರುವ ಕಾರಣ ಎರಡು ಸಲ ನೀರು ಕುಡಿದು ಸಹಿ ಮಾಡಲಾಗಿದೆ)

ಪ್ರತಿಗಳು:
- ಡಾ. ಗುರುಪ್ರಕಾಶ್ ಮತ್ತು ಡಾ. ಸಿಂಧು: ಇಬ್ಬರಿಗೂ ಸೇರಿ ಒಂದೇ ಪ್ರತಿ, ಕಿತ್ತಾಡದೆ ಓದಿಕೊಳ್ಳಲು.
- ಚಿಕ್ಕಮಾದಪ್ಪ: ಬೆಟ್ಟ ಇಳಿದ ನಂತರ, ಪ್ರಸಾದ ಪಡೆದು ನೀಡಲು.
- ನೀರಿನ ಫಿಲ್ಟರ್: ಮೈಮೇಲೆ ಅಂಟಿಸಲು.
- ಶ್ರೀಮತಿ ದೊಡ್ಡಬಸಮ್ಮ, ಶಾಗ್ಯ: ಗೋಡೆಗೆ ಒರಗಿ ಕೂತಿದ್ದಲ್ಲಿ ನಿದ್ದೆಯಲ್ಲಿದ್ದಾರೆಂದು ತಿಳಿದು, ಎಬ್ಬಿಸದೆ, ಬಾಗಿಲ ಸಂದಿಯಲ್ಲಿ ಸಿಕ್ಕಿಸಿ ಬರಲು.