ಬೀಗರೂಟದ ಎರಡು ಪೆಟ್ಟಿಗೆ

ಇನ್ನೂರು ಕುರಿಯ ಮಂದೆ ಎದುರಿಗೆ ಹಾದುಹೋದರೆ ಸಾಕು, ಎಣಿಸದೆಯೇ 'ಒಂದು ಕಡಿಮೆ ಐತೆ' ಎಂದು ಹೇಳಿಬಿಡುವ ಮನುಷ್ಯ ಬಾಗೂರಿನ ತಿಪ್ಪೇರುದ್ರಪ್ಪ. ಅದು ಊರೇ ಮೆಚ್ಚಿದ ವಿದ್ಯೆ. ಅಂಥವನು ಮಗಳ ಬೀಗರೂಟಕ್ಕೆ ಎಷ್ಟು ಬಾಟ್ಲಿ ಬೇಕೆಂದು ಇನ್ನೊಬ್ಬರನ್ನು ಕೇಳುತ್ತಾನೆಯೇ?

"ಅಂದಾಜು ನಂದು. ಯಾರೂ ಬಾಯಿ ಹಾಕಂಗಿಲ್ಲ" ಎಂದು ಹೆಂಡತಿ ಬರಗೇರಮ್ಮನಿಗೆ ಸಾರಿಬಿಟ್ಟ.

ಆ ಹಟಕ್ಕೂ ಒಂದು ಕಾರಣವಿತ್ತು. ಆರು ವರ್ಷದ ಹಿಂದೆ ತಂಗಿಯ ಬೀಗರೂಟದಲ್ಲಿ ಅರ್ಧ ಜನಕ್ಕೇ ಬಾಟ್ಲಿ ಖಾಲಿಯಾಗಿತ್ತು. ಆ ಬೀಗರು ಇವತ್ತಿಗೂ ಇವನನ್ನು ಕಂಡರೆ ಕೈಲಿರುವ ಲೋಟವನ್ನು ಬೋರಲು ಹಾಕಿ ನಗುತ್ತಾರೆ. ಈಗ ಮಗಳು ನಾಗಶ್ರೀಯನ್ನು ಕೊಟ್ಟಿರುವುದು ಹಿರಿಯೂರಿನ ದೊಡ್ಡತಿಮ್ಮಪ್ಪನ ಮನೆಗೆ. ಅವರೂ ಲೋಟ ಬೋರಲು ಹಾಕಿದರೆ ಹುಡುಗಿ ಆ ಮನೆಯಲ್ಲಿ ತಲೆಯೆತ್ತಿ ಓಡಾಡುವುದು ಹೇಗೆ?

ತಿಪ್ಪೇರುದ್ರಪ್ಪ ಸ್ವತಃ ಒಂದು ಹನಿ ಮುಟ್ಟಿದವನಲ್ಲ. ಆದರೇನು, ಲೆಕ್ಕದ ದಾರಿ ಮಂದೆಯಿಂದಲೇ ಸಿಕ್ಕಿತು. ತೊಟ್ಟಿಯ ಹತ್ತಿರ ಒಂದು ಕುರಿ ಬಾಯಿಟ್ಟರೆ ಮಿಕ್ಕವೆಲ್ಲ ಬಾಯಿಡುತ್ತವೆ. ಯಾವುದಕ್ಕೆ ಬಾಯಾರಿದೆ, ಯಾವುದಕ್ಕಿಲ್ಲ ಎಂದು ವಿಚಾರಿಸುವ ಕೆಲಸವೇ ಇಲ್ಲ. ತಲೆಗೊಂದು ಕ್ವಾರ್ಟರ್! ಮದುವೆಯ ದಿನ ಛತ್ರದ ಬಾಗಿಲಲ್ಲಿ ನಿಂತು ಕೈಮುಗಿಯುವಾಗಲೇ ಹಿರಿಯೂರಿನವರ ತಲೆಗಳನ್ನು ಕಣ್ಣಲ್ಲೇ ಹಿಡಿದಿಟ್ಟುಕೊಂಡಿದ್ದ. ತೊಂಬತ್ತಾರು. ಎರಡು ಪೆಟ್ಟಿಗೆಗೆ ಬರುವ ಕ್ವಾರ್ಟರೂ ಸರಿಯಾಗಿ ತೊಂಬತ್ತಾರು. ದೇವರೇ ರುಜು ಹಾಕಿದ ಹಾಗಾಯಿತು.

"ಯಾವ ತಲೆ ಎಣಿಸಿದ್ರಿ?" ಸೊಪ್ಪು ಬಿಡಿಸುತ್ತಿದ್ದ ಬರಗೇರಮ್ಮ ಕೇಳಿದಳು.

"ಗಂಡು ತಲೆ. ಇನ್ಯಾವ ತಲೆ ಎಣಿಸ್ಲಿ?"

ಅವಳು ಮತ್ತೆ ಸೊಪ್ಪು ಬಿಡಿಸತೊಡಗಿದಳು. ಬರಗೇರಮ್ಮನಿಗೆ ಮಾತು ಕಡಿಮೆ, ಕಿವಿ ಜಾಸ್ತಿ.

ಬೀಗರೂಟದಲ್ಲಿ ಬಾಟ್ಲಿಗಳು ಹಿತ್ತಿಲ ಬಣವೆಯ ಮರೆಯಲ್ಲಿರುವುದು ಎಲ್ಲ ಮನೆಗಳ ವಾಡಿಕೆ. ತಿಪ್ಪೇರುದ್ರಪ್ಪ ಒಪ್ಪಲಿಲ್ಲ. ಇಷ್ಟು ತಂದಮೇಲೆ ಬೀಗರ ಕಣ್ಣಿಗೆ ಬೀಳಬೇಡವೇ! ಬುಧವಾರ ಬೆಳಿಗ್ಗೆ ಶಾಮಿಯಾನದ ನಟ್ಟನಡುವೆ ಎರಡೂ ಪೆಟ್ಟಿಗೆಗಳನ್ನು ಪಟ್ಟಕ್ಕೆ ಕೂರಿಸಿದಂತೆ ಇಡಿಸಿ, ಪಕ್ಕದಲ್ಲಿ ಒಂದು ಕುರ್ಚಿಯನ್ನೂ ಹಾಕಿಸಿದ. ಕುಳಿತು ಹಂಚುವ ಗತ್ತು ತನ್ನದಾಗಲೆಂದು.

ಹನ್ನೊಂದಕ್ಕೆ ಬೀಗರ ಬಸ್ಸುಗಳು ಬಂದವು. ಮೊದಲು ಇಳಿದವರು ದೊಡ್ಡತಿಮ್ಮಪ್ಪನ ತಾಯಿ ಮರುಳಸಿದ್ದಮ್ಮ. ಎಂಬತ್ತು ದಾಟಿದ ಹಿರಿಯ ಜೀವ, ಕೈಯಲ್ಲಿ ಕೋಲು. ಶಾಮಿಯಾನವನ್ನು ಒಂದು ಸುತ್ತು ನೋಡಿದರು. ನೆಟ್ಟಗೆ ಬಂದು ಆ ಕುರ್ಚಿಯಲ್ಲೇ ಕುಳಿತರು. ಕಾಲು ಹಿಡಿದುಕೊಂಡಿದೆ ಎನ್ನುತ್ತಾ ಎರಡೂ ಪಾದಗಳನ್ನು ಒಂದು ಪೆಟ್ಟಿಗೆಯ ಮೇಲಿಟ್ಟರು. ಇನ್ನೊಂದರ ಮೇಲೆ ಕೋಲನ್ನು ಅಡ್ಡ ಮಲಗಿಸಿದರು.

ಮುಗಿಯಿತು ಕಥೆ! ಆ ಮನೆತನದ ಗಂಡಸರು ಎಷ್ಟೇ ಕುಡಿಯಲಿ, ಈ ಅಜ್ಜಿಯ ಎದುರು ಬೀಡಿ ಹಚ್ಚಿದವರೂ ಅಲ್ಲ. ಐವತ್ತೈದು ವರ್ಷದ ದೊಡ್ಡತಿಮ್ಮಪ್ಪನೇ ಪೆಟ್ಟಿಗೆಯವರೆಗೆ ಬಂದು, ಶಾಮಿಯಾನದ ಬಟ್ಟೆಯನ್ನು ಹೊಗಳಿ, ಹಾಗೇ ಹಿಂದಿರುಗಿದ. ಉಳಿದವರು ಗಂಟಲು ಒಣಗಿ ನೀರಿನ ಡ್ರಮ್ಮಿಗೆ ಮುತ್ತಿಕೊಂಡರು. ಹನ್ನೆರಡೂವರೆಗೆ ಡ್ರಮ್ಮಿನ ತಳ ಕಂಡಿತು. ಬಾಟ್ಲಿಯ ಲೆಕ್ಕ ಹಾಕಿದವನ ಮನೆಯಲ್ಲಿ ನೀರು ಕಡಿಮೆ ಬಿತ್ತು!

ಗುಟುಕು ಬೀಳದೆ ಯಾರೂ ಪಂಕ್ತಿಗೆ ಕೂರುವಂತಿರಲಿಲ್ಲ. ಬಾಡು ಆರುತ್ತಿತ್ತು, ಮುದ್ದೆ ಗಟ್ಟಿಯಾಗುತ್ತಿತ್ತು, ಮೂರಕ್ಕೆ ಹೊರಡಬೇಕಾದ ಡ್ರೈವರುಗಳು ಆಗಲೇ ಗಡಿಯಾರ ನೋಡುತ್ತಿದ್ದರು.

"ಅಮ್ಮಾರೆ, ಬೇವಿನ ಮರದ ಕೆಳಗೆ ಒಳ್ಳೆ ಗಾಳಿ ಐತೆ. ಅಲ್ಲಿ ಕುಂತ್ಕಳ್ರಿ" ಎಂದ ತಿಪ್ಪೇರುದ್ರಪ್ಪ.

"ಇಲ್ಲೂ ಐತೆ ಬಿಡಪ್ಪ."

ಒಳಗೆ ಫ್ಯಾನಿದೆ ಎಂದ, ಹಾಸಿಗೆ ಹಾಸಿದೆ ಎಂದ, ಟೀವಿ ಇದೆ ಎಂದ. ಅಜ್ಜಿ ಅಲುಗಲಿಲ್ಲ. ಕೊನೆಗೆ ಮಾತಾಡಿಸುತ್ತಲೇ ಪೆಟ್ಟಿಗೆಯನ್ನು ಮೆಲ್ಲಗೆ ಎಳೆದ. ಪೆಟ್ಟಿಗೆಯ ಜೊತೆಗೆ ಅಜ್ಜಿಯ ಕಾಲುಗಳೂ ಬಂದವು. ಎರಡನ್ನೂ ಭಕ್ತಿಯಿಂದ ಮೊದಲಿದ್ದಲ್ಲೇ ಇಟ್ಟು ಅಡುಗೆಯ ಕಡೆ ಓಡಿದ.

"ಲೇ, ಮಾನ ಹೋಗ್ತೈತೆ. ಏನಾರ ಮಾಡೇ."

ಬರಗೇರಮ್ಮ ಅವಸರಪಡಲಿಲ್ಲ. ಸೌಟು ಇಟ್ಟು, ರಾಗಿ ಡಬ್ಬದೊಳಗೆ ಮೊಣಕೈವರೆಗೆ ಕೈಹಾಕಿ, ತಾನೇ ಬೇರೆ ತರಿಸಿಟ್ಟಿದ್ದ ಒಂದು ಕ್ವಾರ್ಟರ್ ತೆಗೆದಳು. ಸ್ಟೀಲ್ ಲೋಟಕ್ಕೆ ಬಗ್ಗಿಸಿ, ನಾಲ್ಕು ತುಂಡು ಹುರಿದ ಬಾಡಿನ ಜೊತೆ ಹಿತ್ತಿಲ ಕಟ್ಟೆಯ ಮೇಲಿಟ್ಟು, ಕೈಯೊರೆಸಿಕೊಂಡು ಶಾಮಿಯಾನಕ್ಕೆ ಹೋದಳು. ಅಜ್ಜಿಯ ಕಿವಿಯ ಹತ್ತಿರ ಬಗ್ಗಿದಳು.

"ಹಿತ್ಲಿಗೆ ಬರ್ರಿ ಅವ್ವ. ನಿಮ್ದು ಬ್ಯಾರೆ ತೆಗೆದಿಟ್ಟೀನಿ."

ಮರುಳಸಿದ್ದಮ್ಮ ಎದ್ದ ರಭಸಕ್ಕೆ ಕೋಲು ಪೆಟ್ಟಿಗೆಯ ಮೇಲೆಯೇ ಉಳಿಯಿತು. ತಿಪ್ಪೇರುದ್ರಪ್ಪನನ್ನು ದಾಟುವಾಗ ಒಂದು ಗಳಿಗೆ ನಿಂತರು.

"ಏನಪ್ಪ, ಒಂದೂವರೆ ತಾಸಿಂದ ಪೆಟ್ಟಿಗೆ ಮ್ಯಾಲೆ ಕಾಲಿಟ್ಟು ಕುಂತೀನಿ. ನಿಂಗೂ ಒಂದೀಟು ಬೇಕೇನವ್ವ ಅಂತ ಬಾಯ್ಮಾತಿಗಾರ ಕೇಳಿದ್ಯಾ?"

ಆಮೇಲೆ ನಡೆದದ್ದಕ್ಕೆ ತಿಪ್ಪೇರುದ್ರಪ್ಪನ ವಿದ್ಯೆಯೇ ಸಾಕ್ಷಿ. ತೊಂಬತ್ತಾರು ತಲೆ, ತೊಂಬತ್ತಾರು ಕ್ವಾರ್ಟರ್. ಒಂದು ಹೆಚ್ಚಲಿಲ್ಲ, ಒಂದು ಕಡಿಮೆಯಾಗಲಿಲ್ಲ. ಬಸ್ಸು ಹತ್ತುವಾಗ ದೊಡ್ಡತಿಮ್ಮಪ್ಪ ಅವನ ಎರಡೂ ಕೈ ಹಿಡಿದು, ಇಂಥ ಬೀಗರೂಟ ಹಿರಿಯೂರಿನಲ್ಲೇ ಕಂಡಿಲ್ಲವೆಂದ. ಮರುಳಸಿದ್ದಮ್ಮ ಮಾತ್ರ ಬರಗೇರಮ್ಮನ ಕೆನ್ನೆ ಸವರಿ, ನಿನ್ನ ಹೊಟ್ಟೆಯಲ್ಲಿ ಹುಟ್ಟಿದ ಸೊಸೆಗೆ ನಮ್ಮ ಮನೆಯಲ್ಲಿ ಯಾವ ಯೋಚನೆಯೂ ಇಲ್ಲ ಎಂದು ಹೇಳಿ ಹೋದರು.

"ನಿಂಗೆ ಹೆಂಗೆ ಗೊತ್ತಾತೇ?" ಧೂಳು ಅಡಗಿದ ಮೇಲೆ ತಿಪ್ಪೇರುದ್ರಪ್ಪ ಕೇಳಿದ.

"ಒಪ್ಪಂದದ ದಿನ ಎಲ್ರೂ ಸೀರೆ ಮಾತಾಡ್ತಿದ್ರು. ಆ ಅವ್ವ ಒಬ್ರೇ, ಬೀಗರೂಟ ಬುಧವಾರ ತಾನೆ, ಅವತ್ತು ನನ್ ಗುಳಿಗೆ ಬಿಡ್ತೀನಿ ಅಂತಿದ್ರು. ಗುಳಿಗೆ ನುಂಗಿದ್ರೆ ಗುಟುಕು ಹಾಕಂಗಿಲ್ವಲ್ಲ." ಬರಗೇರಮ್ಮ ಖಾಲಿ ಪೆಟ್ಟಿಗೆಗಳನ್ನು ಒಂದರೊಳಗೊಂದು ಸೇರಿಸಿದಳು. "ಮಂದೆಯಾಗೆ ಒಂದು ಕಡಿಮೆ ಐತೆ ಅಂತ ನಿಮಗೇ ಕಾಣ್ಬೇಕಿತ್ತಲ್ರೀ."

ತಿಪ್ಪೇರುದ್ರಪ್ಪ ಎತ್ತಿಡುತ್ತಿದ್ದ ಖಾಲಿ ಲೋಟವೊಂದನ್ನು ತಾನೇ ಬೋರಲು ಹಾಕಿದ.